ಪಾರ್ಸೆಲ್ ಅದಲುಬದಲಾದ್ರೆ ಏನ್ಮಾಡ್ಬೇಕು?

ನಿಮ್ಮ ಆನ್‌ಲೈನ್ ಅಂಗಡಿಯಿಂದ ಹಸಿರು ಇಳಕಲ್ ಸೀರೆ ಕೇಳಿದವರಿಗೆ ಕೆಂಪು ಹೋಗಿದೆ ಅಂದ್ಕೊಳ್ಳಿ. ಮೊದಲು ಫೋಟೋ ತರಿಸಿಕೊಳ್ಳಿ, ಪಾರ್ಸೆಲ್ ಮೇಲಿನ ಲೇಬಲ್ ಕಾಣೋ ಹಾಗೆ. ಲೇಬಲ್ ಅದಲುಬದಲಾಗಿದ್ರೆ ಇನ್ನೊಬ್ಬರ ಮನೆಗೂ ತಪ್ಪು ಸೀರೆ ಹೋಗಿರುತ್ತೆ. ಅವರು ಕೇಳೋ ಮುಂಚೆ ನೀವೇ ತಿಳಿಸಿ. ವಾಪಸ್ ತರಿಸೋ ಖರ್ಚೂ ನೀವೇ ಹಾಕ್ಕೊಳ್ಳಿ, ಅದೇ ನ್ಯಾಯ. ತೋರಿಸಿದ್ದೊಂದು, ಕಳಿಸಿದ್ದೊಂದು ಆದ್ರೆ ‘ವಾಪಸ್ ತಗೊಳ್ಳಲ್ಲ’ ಅನ್ನೋ ಹಾಗಿಲ್ಲ. 2020ರ ಇ-ಕಾಮರ್ಸ್ ನಿಯಮವೇ ಇದೆ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸ್ಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡ್ಬೇಕು.

ಇನ್ನು, ದುಡ್ಡು ವಾಪಸ್ ಕೊಡೋವಾಗ ಗ್ರಾಹಕರಿಂದ ‘ನನ್ನ ಅಕೌಂಟ್ ಲಾಕ್ ಆಗಿದೆ, ದುಡ್ಡು ಬೇರೆ ನಂಬರಿಗೆ ಹಾಕಿ’ ಅಂತ ವಾಟ್ಸಾಪ್ ಬಂದ್ರೆ? ಹಾಕಬೇಡಿ, ಎಷ್ಟೇ ಗೋಗರೆದ್ರೂ. ಹಣ ಬಂದ ದಾರಿಯಲ್ಲೇ ವಾಪಸ್ ಹೋಗ್ಲಿ. ಅಕೌಂಟ್ ಸರಿಮಾಡೋದು ಪೇಮೆಂಟ್ ಆ್ಯಪ್‌ನವರ ಕೆಲಸ, ಗ್ರಾಹಕರನ್ನ ಆ ಸಹಾಯವಾಣಿಗೇ ಕಳಿಸಿ. ಗ್ರಾಹಕರ ಓಟಿಪಿ ಮಾತ್ರ ನೀವು ಕೇಳಲೇಬೇಡಿ.