ಎರಡನೇ ಆಂಬುಲೆನ್ಸ್ ಎಲ್ಲಿದೆ?

ಶಿಕಾಗೊ ಪಕ್ಕದ ಇವಾನ್‌ಸ್ಟನ್‌ನಿಂದ ಡೆಟ್ರಾಯಿಟ್ ಪಕ್ಕದ ಆ್ಯನ್ ಆರ್ಬರ್‌ಗೆ ಕಾರಿನಲ್ಲಿ ನಾಲ್ಕೈದು ಗಂಟೆ. ಎಂಜಿನಿಯರಿಂಗ್ ಪ್ರೊಫೆಸರ್ ಮಾರ್ಕ್ ಡಾಸ್ಕಿನ್ ಇದಕ್ಕೆ ಸುಮಾರು ಮೂವತ್ತು ವರ್ಷ ತೆಗೆದುಕೊಂಡರು! 1978ರಲ್ಲಿ ಎಂಐಟಿಯಿಂದ ಪಿಎಚ್‌ಡಿ, ಆಮೇಲೆ ಬಹುಕಾಲ ನಾರ್ತ್‌ವೆಸ್ಟರ್ನ್, 2010ರಿಂದ ಮಿಷಿಗನ್ ವಿಶ್ವವಿದ್ಯಾಲಯ. ಅವರ ವಿಷಯ ಷೇರುಪೇಟೆಯಲ್ಲ. ಗೋದಾಮು, ಆಂಬುಲೆನ್ಸ್‌ಗಳು ಎಲ್ಲಿರಬೇಕು ಎನ್ನುವ ಲೆಕ್ಕ. ಆದರೂ ಹೂಡಿಕೆ ಬಗ್ಗೆ ನನಗೆ ಬುದ್ಧಿ ಬಂದದ್ದು ಅಲ್ಲಿಂದಲೇ.

ಮನೆಯಿಂದ ಎಂಟು ನಿಮಿಷದೊಳಗೆ ಒಂದು ಆಂಬುಲೆನ್ಸ್ ಇದ್ದರೆ ನಾವು ಸುರಕ್ಷಿತ ಅಂದುಕೊಳ್ಳುತ್ತೇವೆ. ಅದು ಆಗಲೇ ಬೇರೆ ಕರೆಗೆ ಹೋಗಿದ್ದರೆ? ಡಾಸ್ಕಿನ್ 1983ರ ಪ್ರಬಂಧದಲ್ಲಿ ಈ ಸಂಭವನೀಯತೆಯನ್ನು ಲೆಕ್ಕಕ್ಕೆ ಸೇರಿಸಿದರು. ಆಗ ಎರಡನೇ ಗಾಡಿಗೂ ಬೆಲೆ ಬಂತು. 2005ರಲ್ಲಿ ಶಿಷ್ಯ ಲ್ಯಾರಿ ಸ್ನೈಡರ್ ಜೊತೆ ಇದೇ ಪ್ರಶ್ನೆಯನ್ನು ಗೋದಾಮುಗಳಿಗೆ ಕೇಳಿದರು: ಒಂದು ಕೈಕೊಟ್ಟರೆ ಗ್ರಾಹಕ ಎಲ್ಲಿಗೆ ಹೋಗಬೇಕು? ಎಲ್ಲಕ್ಕಿಂತ ಅಗ್ಗದ ವ್ಯವಸ್ಥೆಗಿಂತ ಸ್ವಲ್ಪವೇ ಹೆಚ್ಚು ಖರ್ಚು ಮಾಡಿದರೂ, ಕೈಕೊಟ್ಟ ದಿನದ ನಷ್ಟ ಬಹಳಷ್ಟು ಇಳಿಯಬಹುದು ಎಂದು ತೋರಿಸಿದರು.

2020ರ ಮಾರ್ಚ್‌ನಲ್ಲಿ ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳು ಮುಚ್ಚಿದವು. ನಾನಿದ್ದ ಬಿಡಿಭಾಗದ ಕಂಪನಿಯಲ್ಲಿ ಸಂಬಳ ಕಡಿತವಾಯಿತು. ಪರವಾಗಿಲ್ಲ, ಎಮರ್ಜೆನ್ಸಿ ಫಂಡ್ ಇದೆಯಲ್ಲ ಅಂದುಕೊಂಡೆ. ಅದೂ ಬಹುಪಾಲು ಅದೇ ಕಂಪನಿಯ ಷೇರು. ಅದೇ ವಾರ ನೆಲಕಚ್ಚಿತ್ತು. ಹೆಂಡತಿಯ ಕೆಲಸವೂ ಕಾರು ಉದ್ಯಮದಲ್ಲೇ. ಎಚ್‌-1ಬಿ ವೀಸಾದಲ್ಲಿ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಬೆಂಗಳೂರಿನಲ್ಲಿ ಸೈಟ್ ಇತ್ತು, ಸರಿ. ಅರವತ್ತು ದಿನದಲ್ಲಿ ಅದನ್ನು ಮಾರಿ ದುಡ್ಡು ಇಲ್ಲಿಗೆ ತರಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಗೋದಾಮು ಎರಡಿದ್ದರೆ ಸಾಲದು, ಎರಡೂ ಒಂದೇ ನದಿಯ ದಡದಲ್ಲಿರಬಾರದು. ಶಿಕಾಗೊ ವಿಶ್ವವಿದ್ಯಾಲಯದ ಗ್ಯಾರಿ ಎಪ್ಪೆನ್ 1979ರಲ್ಲೇ ದಾಸ್ತಾನಿನ ವಿಷಯದಲ್ಲಿ ಇಂಥದ್ದೇ ಗಣಿತ ಮಾಡಿದ್ದರು. ಒಂದೇ ಗಾತ್ರದ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಊರುಗಳ ಬೇಡಿಕೆಯನ್ನು ಒಟ್ಟುಗೂಡಿಸಿದರೆ ಆಪತ್ಕಾಲದ ದಾಸ್ತಾನು ಅರ್ಧ ಸಾಕು. ನಾಲ್ಕೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದಾದರೆ ಲಾಭ ಸೊನ್ನೆ. ನನ್ನ ಸಂಬಳ, ಷೇರು, ಹೆಂಡತಿಯ ಸಂಬಳ ಮೂರೂ ಹೀಗೇ ಇದ್ದವು.

ಅದೃಷ್ಟಕ್ಕೆ ಕೆಲಸ ಉಳಿಯಿತು. ಈಗ ಕಂಪನಿ ಷೇರು ಕೈಗೆ ಬಂದ ದಿನವೇ ಮಾರಿಬಿಡುತ್ತೇನೆ. ಆರು ತಿಂಗಳ ಖರ್ಚು ಸೇವಿಂಗ್ಸ್ ಖಾತೆಯಲ್ಲಿ ಸುಮ್ಮನೆ ಕೂತಿದೆ. ಮಾರ್ಕೆಟ್ ಏರಿದಾಗಲೆಲ್ಲ ಅದನ್ನು ನೋಡಿ ಹೊಟ್ಟೆ ಉರಿಯುವುದು ಮಾತ್ರ ಇನ್ನೂ ನಿಂತಿಲ್ಲ.