ಹಾಲು, ಎಲುಬು ಮತ್ತು ಬೋರಿನ ನೀರು

ಕೈ ಮುರಿದವರನ್ನು ಮಾತಾಡಿಸಲು ಬಂದವರು ಹೇಳುವುದು ಒಂದೇ ಮಾತು: "ಹಾಲು ಕುಡೀರಿ, ಎಲುಬು ಲಗು ಕೂಡ್ತದ." ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಾಗಲಿ, ದೇವದುರ್ಗದಲ್ಲಾಗಲಿ ಇದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಮೊಬೈಲಿನಲ್ಲಿ. ಹಾಲೇ ಎಲುಬನ್ನು ಕರಗಿಸುತ್ತದೆ ಎನ್ನುವ ವಿಡಿಯೊಗಳು ಅಲ್ಲಿ ಓಡಾಡುತ್ತಿವೆ. ಮೊದಲಿನ ಮಾತು ಅರ್ಧ ಸತ್ಯ, ಎರಡನೆಯದರಲ್ಲಿ ಅಷ್ಟೂ ಇಲ್ಲ. ರಾಯಚೂರು ಸೀಮೆಯಲ್ಲಿ ಎಲುಬಿನ ಮಾತು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆಯನ್ನಂತೂ ಎರಡೂ ಕೇಳುವುದಿಲ್ಲ.

ಹೆದರಿಸುವವರ ವಾದ ಹೀಗಿದೆ: ಹಾಲಿನ ಪ್ರೋಟೀನಿನಿಂದ ರಕ್ತ ಆಮ್ಲೀಯವಾಗುತ್ತದೆ, ಅದನ್ನು ಸರಿಪಡಿಸಲು ದೇಹ ಎಲುಬಿನ ಕ್ಯಾಲ್ಸಿಯಂ ಕೀಳುತ್ತದೆ. ಆದರೆ ರಕ್ತದ ಆಮ್ಲದ ಮಟ್ಟವನ್ನು ಕಾಯುವ ಕೆಲಸ ಮುಖ್ಯವಾಗಿ ಶ್ವಾಸಕೋಶ ಮತ್ತು ಮೂತ್ರಪಿಂಡಗಳದು. ಈ ವಾದವನ್ನು ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ ಅದು ನಿಲ್ಲಲಿಲ್ಲ. ಇನ್ನು 2014ರ ಸ್ವೀಡನ್ ಅಧ್ಯಯನದ ಹೆಸರು ಹೇಳುತ್ತಾರೆ. ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಲೋಟ ಹಾಲು ಕುಡಿಯುವ ಹೆಂಗಸರಲ್ಲಿ ಎಲುಬು ಮುರಿತ ಹೆಚ್ಚಿದ್ದದ್ದು ನಿಜ. ಆದರೆ ಅದು ಜನರ ರೂಢಿಯನ್ನು ಗಮನಿಸಿ ಬರೆದ ಲೆಕ್ಕ, ಹಾಲೇ ಕಾರಣವೆಂಬ ರುಜುವಾತಲ್ಲ. ಬರೆದವರೇ ಎಚ್ಚರದಿಂದ ಓದಿ ಎಂದಿದ್ದಾರೆ. ಮೊಸರಿನಂಥ ಹುದುಗಿಸಿದ ಪದಾರ್ಥ ಬಳಸುವವರಲ್ಲಿ ಮುರಿತ ಕಡಿಮೆಯೇ ಇತ್ತೆಂಬುದೂ ಅದರಲ್ಲೇ ಇದೆ. ವಿಡಿಯೊದವರು ಆ ಪುಟ ತಿರುವಿಹಾಕುವುದಿಲ್ಲ. ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದ ತೂಕ ಇದಕ್ಕಿಂತ ಹೆಚ್ಚು. ಅಲ್ಲಿ ಅರ್ಧದಷ್ಟು ಆಶ್ರಮಗಳವರಿಗೆ ಹಾಲು, ಮೊಸರು, ಚೀಸ್ ಹೆಚ್ಚಿಸಿದರು. ಎರಡು ವರ್ಷದಲ್ಲಿ ಅವರಲ್ಲಿ ಎಲುಬು ಮುರಿತ ಮೂರನೇ ಒಂದು ಪಾಲು ಇಳಿಯಿತು, ಸೊಂಟದ ಮುರಿತ ಶೇ 46ರಷ್ಟು.

ನಮ್ಮ ತಟ್ಟೆಗೆ ಬರೋಣ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿ.ಗ್ರಾಂ ಕೂಡ ಇರದು, ಅಕ್ಕಿಯಲ್ಲಿ ಇನ್ನೂ ಕಡಿಮೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1,000 ಮಿ.ಗ್ರಾಂ. ಒಂದು ಲೋಟ, ಅಂದರೆ 200 ಮಿ.ಲೀ. ಆಕಳ ಹಾಲಿನಿಂದ ಸುಮಾರು 240 ಸಿಗುತ್ತದೆ. ರೊಟ್ಟಿ, ಅನ್ನ ಉಣ್ಣುವ ಸೀಮೆಗೆ ಇದು ಸಣ್ಣ ಮಾತಲ್ಲ. 2013ರ ಆಗಸ್ಟ್ 1ರಂದು ಶುರುವಾದ, ಶಾಲಾ ಮಕ್ಕಳ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲನ್ನೂ ಈ ಲೆಕ್ಕದಲ್ಲೇ ನೋಡಬೇಕು. ಎಳ್ಳಿನಲ್ಲಿ 100 ಗ್ರಾಂಗೆ 1,200 ಮಿ.ಗ್ರಾಂ ದಾಟುತ್ತದೆ, ಆದರೆ ಅದರಲ್ಲಿರುವ ಆಕ್ಸಲೇಟ್, ಫೈಟೇಟ್‌ಗಳು ಬಹುಪಾಲನ್ನು ಕರುಳಿಗೆ ಬಿಟ್ಟುಕೊಡುವುದಿಲ್ಲ.

ತುಪ್ಪ ತಿಂದರೆ ಎಲುಬು ಗಟ್ಟಿ ಎಂಬ ನಂಬಿಕೆಯನ್ನಂತೂ ಬಿಡಲೇಬೇಕು. ಕಡೆಯುವಾಗ ಬೆಣ್ಣೆಯಾಗಿ ಏಳುವುದು ಕೊಬ್ಬು. ಕ್ಯಾಲ್ಸಿಯಂ ಉಳಿಯುವುದು ಮಜ್ಜಿಗೆಯಲ್ಲಿ. ಬಾಣಂತಿಗೆ ತುಪ್ಪ ಸುರಿದು, ತಂಪಾದೀತೆಂದು ಮಜ್ಜಿಗೆ ತಪ್ಪಿಸುವ ಮನೆಗಳು ಎಷ್ಟಿಲ್ಲ! ಎದೆಹಾಲಿಗೆ ಬೇಕಾದ ಕ್ಯಾಲ್ಸಿಯಂ ಆಗ ಅವಳ ಎಲುಬಿನಿಂದಲೇ ಹೋಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ ಎನ್ನುವವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ.

ಹಾಗಂತ ಮುರಿದ ಎಲುಬು ಹಾಲಿನಿಂದ ಒಂದು ವಾರ ಮೊದಲೇ ಕೂಡುವುದಿಲ್ಲ. ಸವೆದ ಮೊಣಕಾಲಿನ ನೋವು ಕ್ಯಾಲ್ಸಿಯಂ ಕೊರತೆಯೂ ಅಲ್ಲ. ಎಲುಬಿನ ಗಟ್ಟಿತನ ಮೂವತ್ತರೊಳಗೆ ಕೂಡಿಟ್ಟ ಗಂಟು. ಆಮೇಲಿನದು ಅದನ್ನು ಕಾಯುವ ಕೆಲಸ. ಅದಕ್ಕೆ ಬಿಸಿಲು ಬೇಕು, ಮೈಗೆ ದುಡಿತ ಬೇಕು.

ಇನ್ನು ಆ ಕೇಳದ ಪ್ರಶ್ನೆ: ಕುಡಿಯುವ ನೀರು ಯಾವುದು? ರಾಯಚೂರು ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಒಳಹೋದರೆ ಮಕ್ಕಳ ಹಲ್ಲಿಗೆ ಕಲೆ, ದೊಡ್ಡವರ ಬೆನ್ನು, ಕತ್ತು, ಕೀಲುಗಳಿಗೆ ಬಿಗಿತ. ಎಕ್ಸ್‌ರೇಯಲ್ಲಿ ಅಂಥ ಎಲುಬು ಮಾಮೂಲಿಗಿಂತ ದಟ್ಟವಾಗಿ ಕಾಣುತ್ತದೆ, ಆದರೆ ಬಲ ಮಾತ್ರ ಇರುವುದಿಲ್ಲ. ಕೃಷ್ಣೆಯ ಆಚೆ, ನಲ್ಗೊಂಡ ಸೀಮೆಯ ಯುವಕರ ಮೊಣಕಾಲುಗಳು ಒಳಕ್ಕೆ ಬಾಗುತ್ತಿದ್ದುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು 1973ರಲ್ಲೇ ವರದಿ ಮಾಡಿದ್ದರು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಲ್ಲಿ ಫ್ಲೋರೈಡಿನ ಹಾವಳಿ ಹೆಚ್ಚು. ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡನ್ನು ಹಿಡಿದುಕೊಂಡು ಒಂದಷ್ಟನ್ನು ಹೊರಗೆ ಸಾಗಿಸುತ್ತದೆ. ಈ ಸೀಮೆಯಲ್ಲಿ ಹಾಲು, ಮೊಸರು ಬೇಕೆನ್ನಲು ನನಗೆ ಇದೇ ದೊಡ್ಡ ಕಾರಣ. ಆದರೆ ಆಗಲೇ ಬಿಗಿದುಕೊಂಡ ಬೆನ್ನನ್ನು ಹಾಲು ಸಡಿಲಿಸದು.

ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ. ತಿಳಿಯಾದ, ಸಿಹಿಯಾದ ನೀರಿನಲ್ಲೂ ಇರಬಹುದು, ಪರೀಕ್ಷೆ ಮಾಡಿಸದೆ ಗೊತ್ತಾಗದು. ಗ್ರಾಮ ಪಂಚಾಯಿತಿಯನ್ನು ಕೇಳಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಬಹುದು. ಕುದಿಸಿದರೆ ಹೋಗುತ್ತದೆ ಎನ್ನುವವರಿದ್ದಾರೆ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುವ ಮನೆಯಲ್ಲೂ ಅನ್ನಕ್ಕೆ, ಬೇಳೆಗೆ, ಚಹಾಕ್ಕೆ ಬೋರಿನ ನೀರೇ ಹೋಗುವುದುಂಟು. ಪರೀಕ್ಷೆಯಲ್ಲಿ ಆ ನೀರು ಮಿತಿ ಮೀರಿದ್ದರೆ ಅಡುಗೆಗೂ ಅದು ಬೇಡ, ಮಜ್ಜಿಗೆಗೆ ಬೆರೆಸುವುದಕ್ಕೂ ಬೇಡ.