ಅಟ್ಟದ ಮೇಲಿನ ಕೌದಿಯೊಳಗೆ ಮುತ್ತಜ್ಜಿ ಉಟ್ಟ ಸೀರೆ

ಹಾವೇರಿ ಜಿಲ್ಲೆಯ ಹೊಸರಿತ್ತಿಯ ಹಳೇ ಮನೆಗಳಲ್ಲಿ ಮುತ್ತಜ್ಜನ ಪಟ ಸಿಗುವುದೇ ಅಪರೂಪ. ಸಿಕ್ಕರೂ ಕಪ್ಪು ಬಿಳುಪಿನದು, ಕೋಟು ತೊಟ್ಟು ಬಿಗಿದುಕೊಂಡು ನಿಂತದ್ದು. ಹಾಗಾದರೆ ಆತ ಹೊಲಕ್ಕೆ ಏನುಟ್ಟು ಹೋಗುತ್ತಿದ್ದ? ಆತನ ಹೆಂಡತಿ ವರದಾ ಹೊಳೆಯಿಂದ ಕೊಡ ಹೊತ್ತು ಬರುವಾಗ ಮೈಮೇಲಿದ್ದ ಸೀರೆಯ ಬಣ್ಣ ಯಾವುದು? ಅರಸರ ಪೀತಾಂಬರ ವಸ್ತುಸಂಗ್ರಹಾಲಯ ಸೇರಿತು, ಒಕ್ಕಲುಮಕ್ಕಳ ಅರಿವೆ ಮಣ್ಣುಪಾಲಾಯಿತು ಎಂದೇ ನಾವು ನಂಬಿದ್ದೆವು. ಆಗಿಲ್ಲ! ಅಟ್ಟದ ಮೇಲೆ, ಟ್ರಂಕಿನ ಹಿಂದೆ, ಮಡಿಚಿಟ್ಟ ಕೌದಿಯೊಳಗೆ ಅದು ಇನ್ನೂ ಇದೆ.

ಕೌದಿಗೆ ಹೊಸ ಅರಿವೆ ಹಾಕುತ್ತಿದ್ದವರು ಯಾರು? ಸೀರೆ ಹರಿದರೆ ಮೊದಲು ಕೂಸಿಗೆ ಕುಂಚಿಗೆ, ಆಮೇಲೆ ತೊಟ್ಟಿಲಿಗೆ ಹಾಸು, ಮಿಕ್ಕಿದ್ದು ಕೌದಿಗೆ. ಧೋತರ, ರುಮಾಲು, ಕುಬಸ ಎಲ್ಲಕ್ಕೂ ಅದೇ ದಾರಿ. ಹಳೇ ಕೌದಿ ಸವೆದರೆ ಅದನ್ನು ಎಸೆಯದೆ, ಅದರ ಮೇಲೆಯೇ ಮತ್ತೊಂದು ಪದರ ಕೊಟ್ಟು ಹೊಲಿದದ್ದೂ ಉಂಟು. ಅಂದರೆ ಮೇಲಿನದು ಮೊಮ್ಮಗಳ ಕಾಲ, ಕೆಳಗಿನದು ಅಜ್ಜಿಯ ಕಾಲ, ಅದಕ್ಕೂ ಕೆಳಗೆ ಆಕೆಯ ಅತ್ತೆಯ ಕಾಲ. ಮನೆತನದ ದಫ್ತರವನ್ನೇ ಹೊದ್ದು ಮಲಗಿದ್ದೇವೆ, ಗೊತ್ತೇ ಇಲ್ಲ!

ಅಂಥದೊಂದು ಕೌದಿಯ ಸವೆದ ಮೂಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಹೂವಿನ ಅಚ್ಚಿನ ಮಿಲ್ಲಿನ ಅರಿವೆ. ಅದರಡಿ ಗುಳೇದಗುಡ್ಡದ ಖಣದ ಅಂಗೈಯಗಲ ತುಂಡು, ಆನೆಹೆಜ್ಜೆಯ ಚಿತ್ತಾರ ಇನ್ನೂ ಎದ್ದು ಕಾಣುತ್ತದೆ. ಅದಕ್ಕೂ ಅಡಿಯಲ್ಲಿ, ಎದೆ ಝಲ್ಲೆನ್ನುವಂತೆ, ಕೆಂಪು ಸೆರಗು! ಇಳಕಲ್ ಸೀರೆಯಲ್ಲಿ ಒಡಲಿನ ಹಾಸೆಳೆಯನ್ನೂ ಸೆರಗಿನ ಹಾಸೆಳೆಯನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ಎಳೆಗೆ ಎಳೆ, ಸೀರೆಯ ಅಗಲದುದ್ದಕ್ಕೂ. ಆ ಕುಣಿಕೆಗಳು ಉಗುರಿಗೆ ತಾಕುತ್ತವೆ. ಸೆರಗಿನ ಬಿಳಿ ಪಟ್ಟೆಯ ತುದಿಯಲ್ಲಿ ಹಣಿಗೆಯ ಹಲ್ಲಿನಂಥ ಸಾಲು. ಯಾರೋ ಒಬ್ಬಾಕೆ ಇದನ್ನು ತಲೆತುಂಬ ಹೊದ್ದು ಜಾತ್ರೆಗೆ ಹೋಗಿದ್ದಳು.

ಬಣ್ಣವೂ ಕಾಲ ಹೇಳುತ್ತದೆ. ಬೇರಿನಿಂದ ತೆಗೆದ ಕೆಂಪಿಗೆ ಪೈಪೋಟಿಯಾಗಿ 1869ರ ನಂತರ ಕಾರ್ಖಾನೆಯ ಕೆಂಪು ಬಂತು. 1897ರಲ್ಲಿ ಜರ್ಮನಿಯ ಕಾರ್ಖಾನೆ ನೀಲಿಯೂ ಮಾರುಕಟ್ಟೆಗೆ ಇಳಿಯಿತು. ಅಲ್ಲಿಯವರೆಗೆ ನಮ್ಮ ನೀಲಗಾರರು ನೀಲಿ ಗಿಡದಿಂದ ತೆಗೆದ ಬಣ್ಣದ ಹರವಿಯಲ್ಲೇ ನೂಲು ಅದ್ದಿ ತೆಗೆಯುತ್ತಿದ್ದರು. ಕಣ್ಣಳತೆಯಲ್ಲಿ ಇದು ಹಳೆಯದು, ಇದು ಹೊಸದು ಎಂದು ಹೇಳಿಬಿಡಬೇಡಿ. ಆದರೆ ಬಣ್ಣದ ಪರೀಕ್ಷೆ ಬಲ್ಲವರ ಕೈಗೆ ಕೆಂಪಿನ ಒಂದೇ ಒಂದು ಎಳೆ ಸಿಕ್ಕರೂ ಸಾಕು.

ಇನ್ನು ಆ ಕಾಲದವರ ಉಡುಗೆ ತಿಳಿಯಲು ಓದಲೇಬೇಕಾದ ಪುಸ್ತಕವೊಂದಿದೆ: 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲಾ ಗೆಜೆಟಿಯರ್. ಹಾವೇರಿ ಆಗ ಧಾರವಾಡ ಜಿಲ್ಲೆಯ ಕರಜಗಿ ತಾಲ್ಲೂಕಿನ ಊರು. ಆಳುವವರ ಅಗತ್ಯಕ್ಕೆ ಬರೆಸಿದ ಪುಸ್ತಕ ನಿಜ, ಜಾತಿಗಳ ಬಗ್ಗೆ ಅದು ಕೊಡುವ ತೀರ್ಪುಗಳನ್ನು ನಾನು ಒಪ್ಪುವುದಿಲ್ಲ. ಆದರೂ ಪುಟ ತೆರೆದರೆ ಬಿಡಲಾಗದು! ನೇಕಾರರು, ಕುಂಬಾರರು, ಅಗಸರು, ಕುರುಬರು, ಒಬ್ಬೊಬ್ಬರೂ ಏನು ಉಣ್ಣುತ್ತಿದ್ದರು, ಏನು ಉಡುತ್ತಿದ್ದರು, ಯಾವ ಒಡವೆ ಇಡುತ್ತಿದ್ದರು ಎಂಬುದೆಲ್ಲ ಅಲ್ಲಿದೆ. ಅರಸರ ಚರಿತ್ರೆಯಲ್ಲಿ ಒಂದು ಸಾಲಿಗೂ ಬಾರದವರು ಇಲ್ಲಿ ಉಂಡುಟ್ಟು ಓಡಾಡುತ್ತಾರೆ.

ಇನ್ನೂ ಹಿಂದಕ್ಕೆ ಹೋಗಬೇಕೆ? ಹಾವೇರಿ ಜಿಲ್ಲೆಯ ವೀರಗಲ್ಲುಗಳ ಮುಂದೆ ಕೂತು ನೋಡಿ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನ ಬಿಗಿದ ಕಚ್ಚೆ, ಕಟ್ಟಿದ ತುರುಬು ಕಲ್ಲಿನಲ್ಲೇ ಇವೆ.

ಹೊಸರಿತ್ತಿಯ ಕೌದಿಗಳಲ್ಲಿ ನಾನು ಕಾತರದಿಂದ ಹುಡುಕುವುದು ಮಾತ್ರ ದಪ್ಪ ಸಣ್ಣ ನೂಲಿನ ಒರಟು ಬಿಳಿ ಖಾದಿ ಅರಿವೆಯನ್ನು. ಬ್ಯಾಡಗಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು, ಖಾದಿ ಹಬ್ಬಿಸಿದವರು. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ, ಸರ್ಕಾರಿ ಕಂದಾಯದ ಮೇಲಿನ ದಾಳಿಯಲ್ಲಿ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಅಂದೇ ಪ್ರಾಣ ಕೊಟ್ಟರು. ಆ ಕಾಲದಲ್ಲಿ ಈ ಸೀಮೆಯ ಮನೆಗಳಲ್ಲಿ ತಿರುಗಿದ ರಾಟಿಯ ನೂಲು ಯಾವ ಕೌದಿಯ ಯಾವ ಪದರದಲ್ಲಿದೆಯೋ!

ಅರಿವೆಗೆ ಕೌದಿಯಾದರೆ, ಅದನ್ನು ಉಟ್ಟವರ ಹೆಸರುಗಳಿಗೆ ಹೆಳವರಿದ್ದಾರೆ. ಎತ್ತಿನೊಡನೆ ಊರೂರು ತಿರುಗುತ್ತ, ಮನೆತನದ ಮೂಲ ಊರು, ವಲಸೆ ಬಂದ ದಾರಿ, ತಲೆಮಾರುಗಳ ಹೆಸರು ಎಲ್ಲ ಹೇಳಿ ಕಾಳು ಪಡೆದು ಹೋಗುವವರು. ಮುಂದಿನ ಸಲ ಅವರು ಬಂದಾಗ ಒಂದು ವಹಿಯಲ್ಲಿ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಅದಕ್ಕೂ ಮೊದಲು ಕೌದಿ ಇಳಿಸಿ. ಹಗಲು ಬೆಳಕಿನಲ್ಲಿ ಒಂದೊಂದು ತುಂಡಿನ ಫೋಟೋ ತೆಗೆಯಿರಿ, ಹೊಲಿಗೆ ಬಿಚ್ಚಬೇಡಿ, ಸೋಪಿನಲ್ಲಿ ಅದ್ದಬೇಡಿ. ಮನೆಯ ಹಿರಿಯಕ್ಕನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು, ಒಂದೊಂದಕ್ಕೂ ಬೆರಳಿಟ್ಟು, "ಯವ್ವಾ, ಇದು ಯಾರ ಸೀರಿ?" ಎಂದು ಇವತ್ತೇ ಕೇಳಿ.